ಎರಡೂವರೆ ಡಿಗ್ರಿ

ನಮ್ಮ ಊರಿನಲ್ಲಿ ಸಹಿಗೆ ಮೂರು ಕಾಸಿನ ಬೆಲೆಯಿಲ್ಲ. ಬೇಕಿದ್ದರೆ ಹತ್ತು ಸಹಿ ಹಾಕಿ ಕೊಡಿ, ಕಚೇರಿಯವರು ಆ ಕಾಗದ ಮಡಿಸಿ ಗಾಳಿ ಬೀಸಿಕೊಳ್ಳುತ್ತಾರೆ. ಮದುವೆಯಾಗಲಿ, ಮನೆ ಮಾರುವುದಾಗಲಿ, ಮಗುವನ್ನು ಶಾಲೆಗೆ ಸೇರಿಸುವುದಾಗಲಿ, ಇಲ್ಲಿ ಹಿತ್ತಾಳೆ ತಟ್ಟೆಯ ಮೇಲೆ ಮೂರು ಮುಷ್ಟಿ ಒಣ ಮರಳು ಸುರಿಯಬೇಕು. ಒಬ್ಬೊಬ್ಬರ ಕೈಯಿಂದ ಇಳಿದ ಮರಳು ಒಂದೊಂದು ಇಳಿಜಾರಿನಲ್ಲಿ ನಿಲ್ಲುತ್ತದೆ. ಒಬ್ಬರದು ಇಪ್ಪತ್ತೊಂಬತ್ತು ಡಿಗ್ರಿ, ಮತ್ತೊಬ್ಬರದು ಮೂವತ್ತಮೂರು. ಅದಕ್ಕೆ ನಾವು ನಿಲುವು ಅನ್ನುತ್ತೇವೆ. ಮಗುವಿಗೆ ಐದು ತುಂಬಿದಾಗ ನಿಲುವು ಅಳೆದು ದಫ್ತರದಲ್ಲಿ ಬರೆಯುತ್ತಾರೆ, ಅಲ್ಲಿಂದ ಸಾಯುವತನಕ ಅದೇ. ನನ್ನದು ಮೂವತ್ತು. ಹೆಸರು ಪಂಪಾವತಿ.

ಐದು ವರ್ಷಕ್ಕೊಮ್ಮೆ ಊರಿಗೆ ಊರೇ ಕಾಲೇಜಿನ ಅಂಗಳಕ್ಕೆ ಬಂದು ಮತ್ತೆ ಸುರಿಯಬೇಕು. ಅದು ಓದಿನ ದಿನ. ಕೋನಮಾಪಕ ಹಿಡಿದು ರಾಶಿಯ ಇಳಿಜಾರನ್ನು ಅಳೆಯುವವರಿಗೆ ಓದುವವರು ಎಂದು ಹೆಸರು. ಅವರಿಗೆ ಹೇಳಲು ಇರುವುದು ಎರಡೇ ಮಾತು. ದಫ್ತರದ ಅಂಕಿಗೆ ಸರಿಬಂದರೆ ‘ಕೂಡಿತು’. ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ‘ಜಾರಿತು’. ಜಾರಿದವರು ಅವರಲ್ಲ, ಅವರ ಮುಖ ಇಟ್ಟುಕೊಂಡು ಬಂದ ಬೇರೆ ಯಾರೋ. ಅಂಥವರ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಇನ್ನೊಬ್ಬ’ ಎಂದು ಬರೆದು, ಹಳ್ಳದ ಆಚೆಗಿನ ಓಣಿಗೆ ಕಳಿಸುತ್ತಾರೆ. ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ದಾರಿಗೆ ಬುತ್ತಿ ಕಟ್ಟಿ ಕೊಡುತ್ತಾರೆ. ನಮ್ಮ ಊರಿನವರು ಬಹಳ ಮರ್ಯಾದಸ್ಥರು.

ನಾನು ಒಂಬತ್ತು ವರ್ಷದವಳಿದ್ದಾಗ ನಮ್ಮಪ್ಪ ಜಾರಿದ. ದಫ್ತರದಲ್ಲಿ ಮೂವತ್ತೆರಡು ಇತ್ತು, ತಟ್ಟೆಯ ಮೇಲೆ ಮೂವತ್ತನಾಲ್ಕೂವರೆ ಬಂತು. ಅವತ್ತು ಓದಿದವರು ಕಾಲೇಜಿಗೆ ಹೊಸದಾಗಿ ಸೇರಿದ್ದ ಉಪನ್ಯಾಸಕರು, ಭರತೇಶ ಉಪಾಧ್ಯೆ ಎಂದು ಹೆಸರು. ಅವರು ‘ಜಾರಿತು’ ಅಂದರು. ಅಪ್ಪ ತಟ್ಟೆ ನೋಡಿದ, ಅವರನ್ನು ನೋಡಿದ, ಕೊನೆಗೆ ನನ್ನ ಕಡೆ ನೋಡಿದ. ನಾನು ಅವ್ವನ ಹಿಂದೆ ಸರಿದು ನಿಂತೆ. ಆ ಮನುಷ್ಯ ನಮ್ಮಪ್ಪನಲ್ಲ ಎಂದು ಆಗಷ್ಟೇ ಎಲ್ಲರೆದುರು ಗೊತ್ತಾಗಿತ್ತಲ್ಲ. ಅವ್ವ ಆಮೇಲೂ ಕುಂಕುಮ ಇಡುವುದನ್ನು ಬಿಡಲಿಲ್ಲ. ನಿಜವಾದ ಅಪ್ಪ ಎಲ್ಲೋ ಇದ್ದಾನೆ, ಒಂದು ದಿನ ಬಂದು ಸರಿಯಾಗಿ ಮೂವತ್ತೆರಡಕ್ಕೆ ಸುರಿದು ತೋರಿಸುತ್ತಾನೆ ಎಂದು ನಂಬಿದ್ದಳು. ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಹಳ್ಳ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನಾವಿಬ್ಬರೂ ಒಂದು ಸಲವೂ ಅದನ್ನು ದಾಟಿರಲಿಲ್ಲ.

ಇಂಥ ಮನೆಯಲ್ಲಿ ಬೆಳೆದವಳು ಅನುಮಾನದ ಪ್ರಾಣಿಯಾಗದೆ ಇನ್ನೇನಾಗುತ್ತಾಳೆ? ಹಾಲಿನವನನ್ನು ಅನುಮಾನಿಸುತ್ತೇನೆ, ಪಂಚಾಂಗವನ್ನು ಅನುಮಾನಿಸುತ್ತೇನೆ, ನನ್ನನ್ನು ನೋಡಲು ಬಂದ ಇಬ್ಬರು ಗಂಡುಗಳನ್ನು ಅನುಮಾನಿಸಿಯೇ ವಾಪಸು ಕಳಿಸಿದೆ. ಈ ಗುಣ ಹೊರಗೆ ಎಲ್ಲೂ ಸಲ್ಲುವುದಿಲ್ಲ, ಪ್ರಯೋಗಾಲಯದಲ್ಲಿ ಸಲ್ಲುತ್ತದೆ. ಕಾಲೇಜಿನ ಮಣ್ಣು ಮತ್ತು ಮರಳಿನ ವಿಭಾಗಕ್ಕೆ ಸಂಶೋಧನೆಗೆ ಸೇರಿದೆ. ಉಪಾಧ್ಯೆ ಸರ್ ಅವರೇ ಮಾರ್ಗದರ್ಶಕರು. ಅಪ್ಪನನ್ನು ಆಚೆ ಕಳಿಸಿದವರ ಕೈಕೆಳಗೆ ಯಾಕೆ ಸೇರಿದೆ ಎಂದು ಕೆಲವರು ಕೇಳಿದ್ದುಂಟು. ಅವರು ಕಳಿಸಿದ್ದು ಅಪ್ಪನನ್ನಲ್ಲವಲ್ಲ, ಇನ್ನೊಬ್ಬನನ್ನು ಎಂದು ಉತ್ತರ ಕೊಡುತ್ತಿದ್ದೆ. ಆರು ವರ್ಷ ಏಳುನೂರು ಜನರ ರಾಶಿ ಸುರಿಸಿ, ಅಳೆದು, ಮನುಷ್ಯನ ನಿಲುವು ಜೀವನಪರ್ಯಂತ ಬದಲಾಗುವುದಿಲ್ಲ ಎಂದು ನಾನ್ನೂರು ಪುಟ ಬರೆದೆ. ಏಳುನೂರರಲ್ಲಿ ಒಂದೂ ಜಾರಿರಲಿಲ್ಲ. ನನ್ನ ಎದೆಯೊಳಗೆ ಒಂದು ಮೂಲೆಯಲ್ಲಿ ಕೂತಿದ್ದ ಒಂಬತ್ತು ವರ್ಷದ ಹುಡುಗಿಗೆ, ನೀನು ಹಿಂದೆ ಸರಿದದ್ದು ಸರಿಯಾಗಿಯೇ ಇತ್ತು ಎಂದು ಹೇಳಲು ನಾನ್ನೂರು ಪುಟ ಬೇಕಾಯಿತು.

ಪ್ರಬಂಧ ಒಪ್ಪಿಸಿಯಾಗಿತ್ತು. ಮೌಖಿಕ ಪರೀಕ್ಷೆ ಓದಿನ ದಿನದ ಮರುವಾರ ಎಂದು ನಿಗದಿಯಾಗಿತ್ತು. ಸರ್ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಮೂರು ತಿಂಗಳು ತಂಗಿಯ ಮನೆಯಲ್ಲಿದ್ದು, ಆಗಷ್ಟೇ ವಾಪಸು ಬಂದಿದ್ದರು. ಓದಿನ ದಿನಕ್ಕೆ ಎರಡು ವಾರ ಮೊದಲು, ಕೋನಮಾಪಕಗಳು ಸರಿಯಿವೆಯೇ ಎಂದು ನೋಡಲು ಪ್ರಯೋಗಾಲಯದಲ್ಲೇ ಒಂದೆರಡು ರಾಶಿ ಸುರಿಸಿ ನೋಡುವ ಪದ್ಧತಿ ನಮ್ಮಲ್ಲಿದೆ. ಅವತ್ತು ಮೇಜುಗಳನ್ನೆಲ್ಲ ಬಣ್ಣ ಬಳಿಯಲು ಹೊರಗೆ ಒಯ್ದಿದ್ದರು. ತಟ್ಟೆಯನ್ನು ಕಲ್ಲಿನ ನೆಲದ ಮೇಲೆ ಇಟ್ಟೆ. ಸರ್ ಕುಕ್ಕರಗಾಲಲ್ಲಿ ಕೂತು ಮೂರು ಮುಷ್ಟಿ ಸುರಿದು, ಎದ್ದು, ಯಾವುದೋ ಫೋನು ಬಂತೆಂದು ಹೊರಗೆ ಹೋದರು. ನಾನು ಬಗ್ಗಿ ಓದಿದೆ. ಮೂವತ್ತನಾಲ್ಕು. ದಫ್ತರದಲ್ಲಿ ಅವರದು ಮೂವತ್ತೊಂದೂವರೆ. ಕೋನಮಾಪಕ ಬದಲಿಸಿ ಓದಿದೆ, ಇನ್ನೊಂದು ಬದಿಗೆ ಹೋಗಿ ಓದಿದೆ. ಮೂವತ್ತನಾಲ್ಕೇ. ಅಪ್ಪನಿಗೆ ಬಂದ ವ್ಯತ್ಯಾಸವೇ, ಎರಡೂವರೆ ಡಿಗ್ರಿ. ನಾನು ರಾಶಿಯನ್ನು ಕೈಯಿಂದ ಕೆಡಿಸಿ, ಮರಳನ್ನು ಡಬ್ಬಿಗೆ ತುಂಬಿ, ಸರ್ ಒಳಗೆ ಬಂದಾಗ ‘ಸರಿಯಿದೆ’ ಎಂದು ಸುಳ್ಳು ಹೇಳಿದೆ.

ಆ ಸಂಜೆ ಮನೆಗೆ ಹೋಗಿ ಅನ್ನಕ್ಕಿಡುವುದನ್ನೂ ಮರೆತು ಕೂತೆ. ಲೆಕ್ಕ ಸರಳವಾಗಿತ್ತು. ನನ್ನ ಪ್ರಬಂಧ ನಿಜವಾದರೆ ತಂಗಿಯ ಊರಿನಿಂದ ವಾಪಸು ಬಂದವರು ಉಪಾಧ್ಯೆ ಸರ್ ಅಲ್ಲ. ಬಂದವರು ಸರ್ ಅವರೇ ಆದರೆ ಪ್ರಬಂಧ ಸುಳ್ಳು. ಪ್ರಬಂಧ ಸುಳ್ಳಾದರೆ... ಅಲ್ಲಿಗೆ ಬಂದಾಗಲೆಲ್ಲ ನನ್ನ ತಲೆ ಗಕ್ಕನೆ ನಿಂತುಬಿಡುತ್ತಿತ್ತು. ಹಾಗಾಗಿ ಸರ್ ಅವರೇ ಬೇರೆ ಯಾರೋ ಆಗಿರಲಿ ಎಂದು ಬಯಸಿದೆ. ನಾಚಿಕೆಯಾಗುತ್ತದೆ, ಆದರೆ ಬಯಸಿದ್ದು ನಿಜ.

ಮರುದಿನದಿಂದ ಅವರ ಮೇಲೆ ಕಣ್ಣಿಟ್ಟೆ. ಅನುಮಾನದಿಂದ ನೋಡಿದರೆ ಪುರಾವೆಗೇನು ಬರ? ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದವರು ಈಗ ಅರ್ಧ ಚಮಚ ಹಾಕಿಸಿಕೊಳ್ಳುತ್ತಿದ್ದರು. ಬಾಗಿಲು ಎಳೆದುಕೊಂಡು ಹೋಗುತ್ತಿದ್ದವರು ತೆರೆದೇ ಬಿಡುತ್ತಿದ್ದರು. ನನ್ನನ್ನು ‘ಪಂಪಾ’ ಅನ್ನುತ್ತಿದ್ದವರು ಒಂದು ಸಲ ‘ಪಂಪಾವತಿ’ ಅಂದರು. ಎಲ್ಲವನ್ನೂ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಒಂದು ಮಧ್ಯಾಹ್ನ ಏನೂ ಗೊತ್ತಿಲ್ಲದವಳಂತೆ ಕೇಳಿದೆ, “ಸರ್, ನನ್ನ ಮೊದಲನೇ ವರ್ಷ ಒಂದು ಜರಡಿ ಹರಿದಿತ್ತಲ್ರೀ, ಹೆಂಗ ಹರೀತು ಅಂತ ನೆನಪದ ಏನ್ರೀ?”

ಅವರು ಕನ್ನಡಕ ತೆಗೆದು ನಕ್ಕರು. “ನೀ ಅದರ ಮ್ಯಾಲೆ ಕುಂತಿದ್ದಿ. ಕುರ್ಚಿ ಅಂತ ತಿಳಕೊಂಡು. ಯಾರಿಗೂ ಹೇಳಬ್ಯಾಡ್ರಿ ಅಂತ ಅತ್ತಿದ್ದಿ.”

ಸರಿಯಾದ ಉತ್ತರ. ಇನ್ನೊಬ್ಬಳಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದಳು. ನನಗೆ ಹೊಳೆದದ್ದು ಬೇರೆ. ಆ ವಿಷಯ ಗೊತ್ತಿದ್ದದ್ದು ಮೂವರಿಗೆ ಮಾತ್ರ. ನನಗೆ, ಸರ್ ಅವರಿಗೆ ಮತ್ತು ಮೌಲಾಸಾಬ್ ಕಾಕಾಗೆ. ಹಾಗಾದರೆ ಈ ಮನುಷ್ಯನಿಗೆ ಹೇಳಿಕೊಟ್ಟದ್ದು ಮೌಲಾಸಾಬ್!

ಮೌಲಾಸಾಬ್ ನಮ್ಮ ಪ್ರಯೋಗಾಲಯದ ಸಹಾಯಕ. ಮರಳು ತೊಳೆಯುವುದು, ಓವನ್ನಿನಲ್ಲಿ ಒಣಗಿಸುವುದು, ಜರಡಿ ಹಿಡಿಯುವುದು ಅವನ ಕೆಲಸ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಅವನನ್ನು ಅನುಮಾನಿಸಲು ಕಾರಣಗಳೂ ಸಾಲುಸಾಲಾಗಿ ಸಿಕ್ಕವು. ತಿಂಗಳಿಗೊಮ್ಮೆ ಜರಡಿಗಳನ್ನು ರಿಪೇರಿಗೆಂದು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದ. ಎಲ್ಲಿಗೆ ಎಂದು ಆರು ವರ್ಷದಲ್ಲಿ ನಾನು ಕೇಳಿರಲೇ ಇಲ್ಲ. ಆ ಶನಿವಾರ ಹಿಂದಿನಿಂದ ಹೋದೆ. ಅವನು ಸಂತೆ ದಾಟಿ, ಗಿರಣಿ ದಾಟಿ, ಹಳ್ಳದ ಕಲ್ಲುಗಳ ಮೇಲೆ ಹೆಜ್ಜೆಯಿಟ್ಟು ಆಚೆಯ ಓಣಿಗೆ ಹೋದ. ಇನ್ನೊಬ್ಬರ ಓಣಿಗೆ. ನಾನು ಈಚೆ ದಡದ ಜಾಲಿಮರದ ಹಿಂದೆ ನಿಂತು, ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ಹಾಕಿ ಅವನ ಮುಂದೆ ನಿಂತೆ. “ಕಾಕಾ, ಖರೇ ಹೇಳು. ಈ ಸರ್ ಯಾರು? ನಮ್ಮ ಸರ್ ಎಲ್ಲೆ ಅದಾರ?”

ಮೌಲಾಸಾಬ್ ಜರಡಿ ಕೆಳಗಿಟ್ಟ. “ಎಷ್ಟ ಬಂತ್ರಿ ಅವರದು?” ಅಂದ.

“ಮೂವತ್ತನಾಲ್ಕು.”

“ನೆಲದ ಮ್ಯಾಲ ಇಟ್ಟಿದ್ರಿ ಹೌದಿಲ್ರಿ, ಅದಕ್ಕ.” ಅವನು ಒಂದು ತಟ್ಟೆ ತೆಗೆದು ಕಲ್ಲಿನ ನೆಲದ ಮೇಲಿಟ್ಟು, ಮಂಡಿ ಹಿಡಿದುಕೊಂಡು ಕೂತು, ಮೂರು ಮುಷ್ಟಿ ಸುರಿದ. “ಓದ್ರಿ.”

ಅವನ ನಿಲುವು ಮೂವತ್ತೊಂದು ಎಂದು ನನಗೆ ಬಾಯಿಪಾಠವಿತ್ತು. ಓದಿದೆ. ಮೂವತ್ತನಾಲ್ಕಕ್ಕೆ ಒಂದು ಕೂದಲು ಕಡಿಮೆ. ನಾನು ತಲೆ ಎತ್ತುವಷ್ಟರಲ್ಲಿ ಅವನು ಉಗುರಿನಿಂದ ತಟ್ಟೆಯ ಅಂಚಿಗೆ ಮೆಲ್ಲಗೆ ಒಮ್ಮೆ ತಟ್ಟಿದ. ಮರಳು ಸರ್ರನೆ ಒಂದು ಪದರ ಇಳಿಯಿತು. ಇನ್ನೊಮ್ಮೆ ತಟ್ಟಿದ. “ಈಗ ಓದ್ರಿ.”

ಮೂವತ್ತೊಂದು.

“ಇಪ್ಪತ್ತೈದು ವರ್ಷದಿಂದ ಹಿಂಗ ನಡದೈತ್ರಿ ನಂದು,” ಅಂದ ಮೌಲಾಸಾಬ್. “ವಯಸ್ಸಾದಂಗ ಕೈ ಏರತೈತಿ. ಯಾರ ಕೈ ಏರಿಲ್ರಿ ಈ ಊರಾಗ? ನಾ ಗೊತ್ತಿದ್ದು ತಟ್ಟತೀನಿ. ಉಳದವ್ರಿಗೆ ಗೊತ್ತ ಇಲ್ಲ. ಸರ್ ಅವ್ರು ಸುರದ ಮ್ಯಾಲ ಮೇಜಿಗೆ ಪೆನ್ನು ಕುಟ್ಟತಾರ, ಚಟ. ಗೌಡರ ಮನೀ ಅಮ್ಮಾರು ಕೆಮ್ಮತಾರ, ಕೆಮ್ಮೂಮುಂದ ಮೇಜು ಹಿಡೀತಾರ. ರಿಜಿಸ್ಟ್ರಾರ ಸಾಹೇಬ್ರು ಮೇಜಿನ ಕಾಲಿಗೆ ಬೂಟು ಒತ್ತತಾರ. ಎಲ್ಲಾರದೂ ಒಂದೊಂದು ಐತ್ರಿ.”

“ನಂದು?” ಅಂದೆ. ದನಿ ಸಿಟ್ಟಿನಿಂದ ಏರಿತು.

“ನೀವು ಮೊಣಕೈ ಊರತೀರಿ.”

ನಾನು ಕೂಗಾಡಿದೆ. ಏಳುನೂರು ಜನರನ್ನು ಅಳೆದವಳು ನಾನೋ ನೀನೋ ಎಂದೆ. ಕೂಗಿ ಸಾಕಾದ ಮೇಲೆ ಕಣ್ಣ ಮುಂದೆ ಬಂದವು ಆ ಏಳುನೂರು ಜನ. ಸುರಿದ ಮೇಲೆ ಮೇಜಿನ ಮೇಲೆ ಕೈ ಒರೆಸಿದವರು, ಬಳೆ ಸರಿಮಾಡಿಕೊಳ್ಳಲು ಮುಂಗೈ ಬಡಿದವರು, ‘ದೇವರೇ’ ಎಂದು ಮೇಜು ಮುಟ್ಟಿ ಕಣ್ಣಿಗೊತ್ತಿಕೊಂಡವರು. ಇವೆಲ್ಲ ಪಾಪದವರ ಅಂಜಿಕೆ ಎಂದು ನಾನು ತಿಳಿದಿದ್ದೆ. ಜಗತ್ತನ್ನೆಲ್ಲ ಅನುಮಾನಿಸಿದವಳು ಮೇಜನ್ನು ಅನುಮಾನಿಸಿರಲಿಲ್ಲ.

“ಹಂಗಾದ್ರ ನಮ್ಮಪ್ಪ?” ಅಂದೆ.

ಮೌಲಾಸಾಬ್ ನೆಲದ ಮೇಲಿನ ಮರಳನ್ನು ಅಂಗೈಯಿಂದ ಬಳಿಯತೊಡಗಿದ. “ಅವತ್ತು ಆ ಮೇಜಿನ ಹತ್ರ ಮರಳಿನ ಡಬ್ಬಿ ಹಿಡಕೊಂಡು ನಾನ ನಿಂತಿದ್ದೆ. ನಿಮ್ಮಪ್ಪಾರು ಸುರದ್ರು, ಎರಡ ಹೆಜ್ಜಿ ಹಿಂದ ಸರದ್ರು, ಕೈ ಕಟಗೊಂಡು ನಿಂತ್ರು. ಓದೋರ ಮುಂದ ಕೈ ಕಟಗೊಂಡು ನಿಲ್ಲೋದು ಮರ್ಯಾದಿ ಅಂತ ತಿಳದಿದ್ರು. ಅಷ್ಟ ಆದದ್ರಿ. ಅವತ್ತ ಊರಾಗ ಮೇಜು ಮುಟ್ಟಲಾರದಾವ್ರು ಅವರೊಬ್ಬರ.”

“ನೀ ಯಾಕ ಹೇಳಲಿಲ್ಲ?”

“ಹೇಳಿದ್ರ ನಂದು ಜಾರತಿತ್ತು. ಮೂರ ಮಕ್ಕಳಿದ್ವು.” ಅವನು ತಲೆ ಎತ್ತಲಿಲ್ಲ. “ಅದಕ್ಕ ತಿಂಗಳಾ ಜರಡಿ ಒಯ್ದ ಕೊಡತೀನ್ರಿ ಅವರಿಗೆ. ನಿಮ್ಮ ಜರಡಿ ಎಲ್ಲಾ ಹೆಣದಾವ್ರು ಅವರ.”

ಆರು ವರ್ಷ ನಾನು ಯಾವ ಜರಡಿಯಿಂದ ಮರಳು ಹಿಡಿದು, ಆ ಮನುಷ್ಯ ನಮ್ಮಪ್ಪನಲ್ಲ ಎಂದು ಸಾಧಿಸುತ್ತಿದ್ದೆನೋ ಆ ಜರಡಿಯ ತಂತಿ ಒಂದೊಂದನ್ನೂ ಅವನೇ ಹೆಣೆದಿದ್ದ. ನಾನು ಓವನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಅತ್ತೆ. ಮೌಲಾಸಾಬ್ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ.

ಸರ್ ಅವರಿಗೆ ಹೇಳದೆ ಇರಲು ಆಗಲಿಲ್ಲ. ಅವರ ಕೋಣೆಗೆ ಹೋದಾಗ ಮೇಜಿನ ಮೇಲೆ ಇಪ್ಪತ್ತು ವರ್ಷ ಹಳೆಯ ಡೈರಿಗಳು ಹರಡಿದ್ದವು. ಅವರು ಒಂದು ಹಾಳೆಯ ಮೇಲೆ ಹಳೆಯ ಅಕ್ಷರದ ಪಕ್ಕದಲ್ಲೇ ಅದೇ ವಾಕ್ಯ ಹೊಸದಾಗಿ ಬರೆದು ಹೋಲಿಸಿ ನೋಡುತ್ತಿದ್ದರು. ನನ್ನನ್ನು ಕಂಡು ಹಾಳೆ ಮುಚ್ಚಲು ಹೋದರು, ಮತ್ತೆ ಬಿಟ್ಟರು.

“ಅವತ್ತ ನೀ ಸರಿ ಅದ ಅಂದಿ. ನಿನ್ನ ಮುಖ ಬ್ಯಾರೆನ ಹೇಳತಿತ್ತು,” ಅಂದರು. “ಮನಿಗೆ ಹೋಗಿ ಅಂಗಳದ ಕಲ್ಲಿನ ಮ್ಯಾಲೆ ಸುರದು ನೋಡಿದೆ. ಆವತ್ತಿನಿಂದ ನಾನೂ ಅವನ್ನ ಹುಡುಕಾಕತ್ತೀನಿ, ಪಂಪಾ. ಉಪಾಧ್ಯೆನ್ನ. ಆಪರೇಷನ್ ಟೇಬಲ್ ಮ್ಯಾಲೆ ಮಲಗಿದಾಂವ ಒಬ್ಬ, ಎದ್ದು ಬಂದಾಂವ ಇನ್ನೊಬ್ಬ ಇರಬಹುದು ಅಂತ ತಂಗಿಗೆ ಫೋನ್ ಮಾಡಿ ಸಣ್ಣವನಿದ್ದಾಗಿಂದು ಎಲ್ಲಾ ಕೇಳಿದೆ. ಎಲ್ಲಾ ಹೊಂದತದ. ಆದ್ರೂ ನಂಬಿಕಿ ಬರವಲ್ದು.”

ಇದು ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪು. ಅರವತ್ತು ವರ್ಷ ತಾನಾಗಿ ಬದುಕಿದ ಮನುಷ್ಯ, ಮೂರು ಮುಷ್ಟಿ ಮರಳು ಅಲ್ಲ ಅಂದ ಕೂಡಲೇ ತನ್ನನ್ನೇ ಬಿಟ್ಟುಕೊಟ್ಟಿದ್ದರು. ಮರಳನ್ನು ಬಿಟ್ಟುಕೊಟ್ಟಿರಲಿಲ್ಲ. ನಾನು ಪೆನ್ನಿನ ಕಥೆ, ಮೇಜಿನ ಕಥೆ ಎಲ್ಲ ಹೇಳಿದೆ. ಅಪ್ಪ ಕೈ ಕಟ್ಟಿ ನಿಂತದ್ದನ್ನೂ ಹೇಳಿದೆ. ಅವರು ಜೇಬಿನಿಂದ ಪೆನ್ನು ತೆಗೆದು, ಅದನ್ನು ಮೊದಲ ಸಲ ನೋಡುತ್ತಿರುವವರಂತೆ ತಿರುಗಿಸಿ ನೋಡಿದರು.

“ಅವತ್ತ ನಾ ಕೋನ ನೋಡಿದೆ. ಮನಶ್ಯಾನ ಮುಖ ನೋಡಲಿಲ್ಲ,” ಅಂದರು. “ನೋಡು, ಓದಿನ ದಿನ ನಾ ಹೆಂಗ ಪ್ರತಿ ಸಲ ಮಾಡತೀನೋ ಹಂಗ ಪೆನ್ನು ಕುಟ್ಟಿದ್ರ ಸಾಕು. ನಾ ಉಳೀತೀನಿ, ನಿನ್ನ ಪ್ರಬಂಧನೂ ಉಳೀತದ. ಡಾಕ್ಟರ್ ಪಂಪಾವತಿ ಆಗತಿ. ನಿಮ್ಮಪ್ಪ ಮಾತ್ರ ಅಲ್ಲೇ ಉಳೀತಾನ. ನಾ ನಿರ್ಧಾರ ಮಾಡಂಗಿಲ್ಲ. ಒಂದ ಸಲ ಮಾಡಿ ಮುಗಿಸೀನಿ. ಅವತ್ತ ಪೆನ್ನು ನನ್ನ ಕೈಯಾಗ ಇರಬೇಕೋ, ನಿನ್ನ ಕೈಯಾಗ ಇರಬೇಕೋ ನೀನ ಹೇಳು.”

ನಾನು ಹೇಳಲಿಲ್ಲ. ನಾಲ್ಕು ದಿನ ಉಳಿದಿದ್ದವು. ನಾಲ್ಕು ದಿನವೂ ಪ್ರಬಂಧವನ್ನು ತೆರೆದು ನನ್ನ ಹೆಸರಿದ್ದ ಮೊದಲ ಪುಟ ನೋಡಿ ಮುಚ್ಚಿದೆ. ಆರು ವರ್ಷದ ಬದುಕು ಅದು. ಹಬ್ಬ ಮಾಡಲಿಲ್ಲ, ಒಂದು ಒಳ್ಳೆಯ ಸೀರೆ ಉಡಲಿಲ್ಲ, ಉಗುರುಸಂದಿಯ ಮರಳು ಹೋಗಲಿಲ್ಲ. ಆ ಮನುಷ್ಯ ಅಪ್ಪನೇ ಆಗಿದ್ದರೆ ಇಪ್ಪತ್ತೈದು ವರ್ಷ ಹತ್ತು ನಿಮಿಷದ ದಾರಿ ನಡೆಯದವಳು ನಾನು. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಡಾಕ್ಟರ್ ಆಗುವುದು ಎಷ್ಟೋ ಸುಲಭ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಓದಿನ ದಿನ ಬಂತು. ಅಂಗಳದಲ್ಲಿ ಶಾಮಿಯಾನ, ಹೊಸ ಬಣ್ಣ ಬಳಿದ ಮೇಜು, ಮೇಜಿನ ಮೇಲೆ ತಟ್ಟೆ, ಪಕ್ಕದಲ್ಲಿ ದಫ್ತರ ಬಿಡಿಸಿಕೊಂಡು ರಿಜಿಸ್ಟ್ರಾರ್ ದೇಸಾಯಿಯವರು. ಓದುವವಳು ನಾನು. ಸಾಲು ಗೇಟಿನಾಚೆಗೂ ಹೋಗಿತ್ತು. ಕಾಲೇಜಿನ ಹಿರಿಯರೆಂದು ಸರ್ ಅವರೇ ಮೊದಲು. ಅವರು ಸುರಿದರು. ಅಂಗಿಯ ಜೇಬಿನಿಂದ ಪೆನ್ನು ಹೊರಗೆ ಬಂತು, ಮೇಜಿನಿಂದ ಒಂದು ಗೇಣು ಮೇಲೆ ನಿಂತಿತು. ಅವರು ನನ್ನ ಮುಖ ನೋಡಿದರು.

ನಾನು ಕೈ ಚಾಚಿದೆ. ಅವರು ಪೆನ್ನನ್ನು ನನ್ನ ಅಂಗೈಯಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು ನಿಂತರು.

“ಮೂವತ್ತನಾಲ್ಕು,” ಎಂದು ಓದಿದೆ. “ದಫ್ತರದಾಗ ಮೂವತ್ತೊಂದೂವರೆ ಅದ. ಆದ್ರೂ ಇವರು ಉಪಾಧ್ಯೆ ಸರ್ ಅವರ ಅದಾರ.”

ದೇಸಾಯಿಯವರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. “ಕೂಡಿತೋ, ಜಾರಿತೋ?”

“ಎರಡೂ ಅಲ್ರೀ. ಮರಳು ಬದಲಾಗೇದ, ಮನಶ್ಯಾ ಅವರ ಅದಾರ.”

“ಆ ಕಾಲಂ ಇಲ್ಲವಾ ತಂಗಿ ಇದರಾಗ. ಎರಡ ಅದಾವ. ಯಾವದರಾಗ ಬರೀಲಿ, ಅದನ್ನ ಹೇಳು.”

“ಹಂಗಾದ್ರ ಈ ತಟ್ಟೆ ನೆಲದ ಮ್ಯಾಲ ಇಡತೀನ್ರೀ,” ಅಂದೆ. ನನ್ನ ದನಿ ಗೇಟಿನವರೆಗೆ ಕೇಳಿಸಿತು. “ಎಲ್ಲಾರೂ ನೆಲದ ಮ್ಯಾಲ ಸುರೀರಿ. ಯಾರೂ ಮೇಜು ಮುಟ್ಟಬ್ಯಾಡ್ರಿ. ಕೆಮ್ಮಬ್ಯಾಡ್ರಿ. ಮೊದಲ ನಾ ಸುರೀತೀನಿ, ಆಮ್ಯಾಲೆ ಸಾಹೇಬ್ರು ನೀವು. ಎಷ್ಟ ಮಂದಿ ಇನ್ನೊಬ್ರು ಆಗತೀವಿ ನೋಡೋಣು.”

ತಟ್ಟೆಯನ್ನು ಎತ್ತಿ ನೆಲದ ಮೇಲಿಟ್ಟೆ. ದೇಸಾಯಿಯವರು ಮೇಜಿನ ಕಾಲಿನಿಂದ ಬೂಟನ್ನು ಹಿಂದಕ್ಕೆ ಎಳೆದುಕೊಂಡದ್ದು ನನಗೆ ಕಂಡಿತು. ನಾನು ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ಸಾಲಿನಲ್ಲಿದ್ದ ಗೌಡರ ಮನೆಯ ಅಮ್ಮನಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಅವರ ಹಿಂದಿನವನಿಗೆ ಅಂಗಡಿ ತೆರೆದೇ ಬಂದದ್ದು ನೆನಪಾಯಿತು. ಆಮೇಲೆ ಊರಿನ ಎಲ್ಲರಿಗೂ ಒಟ್ಟಿಗೇ ಏನೇನೋ ನೆನಪಾಗಿ, ಒಬ್ಬರ ಮುಖ ಒಬ್ಬರು ಓರೆಗಣ್ಣಿನಿಂದ ನೋಡುತ್ತ ಚದುರಿದರು. ಯಾರಿಗೆಷ್ಟು ಗೊತ್ತಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ದೇಸಾಯಿಯವರು ಯಾವ ಕಾಲಮ್ಮಿನಲ್ಲೂ ಬರೆಯದೆ ದಫ್ತರ ಕಟ್ಟಿಕೊಂಡು, ಕಾರಣಾಂತರದಿಂದ ಓದು ಮುಂದೂಡಲಾಗಿದೆ ಎಂದು ನೋಟಿಸು ಅಂಟಿಸಿ ಹೋದರು. ಆ ನೋಟಿಸು ಇನ್ನೂ ಅಲ್ಲೇ ಇದೆ. ನನ್ನ ಪ್ರಬಂಧವನ್ನು ನಾನೇ ವಾಪಸು ತಂದೆ, ಅದೂ ಮನೆಯಲ್ಲಿ ಇದೆ. ಸರ್ ದಿನಾ ಕಾಲೇಜಿಗೆ ಬರುತ್ತಾರೆ. ಅವರನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಜನ ಬರೀ ‘ನಮಸ್ಕಾರ್ರೀ’ ಅನ್ನುತ್ತಾರೆ.

ಅವತ್ತೇ ಮಧ್ಯಾಹ್ನ ಅಂಗಳದ ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದು ಹರಿದ ಜರಡಿಯನ್ನು ನೆಪಕ್ಕೆ ಹಿಡಿದುಕೊಂಡು ಹಳ್ಳ ದಾಟಿದೆ. ಆಚೆಯ ಓಣಿ ನಮ್ಮ ಓಣಿಯ ಹಾಗೆಯೇ ಇತ್ತು. ಮೂರನೆಯ ಮನೆಯ ಕಟ್ಟೆಯ ಮೇಲೆ ಕೂತು ಒಬ್ಬ ಮುದುಕ ತಂತಿ ಹೆಣೆಯುತ್ತಿದ್ದ. ಕೂದಲು ಉದುರಿತ್ತು, ಬೆನ್ನು ಬಾಗಿತ್ತು. ನನಗೆ ಗುರುತು ಸಿಗಲಿಲ್ಲ ಎಂದು ಹೇಳಿದರೆ ಕೆಟ್ಟವಳಾಗುತ್ತೇನೆ, ಆದರೆ ಸಿಗಲಿಲ್ಲ.

“ಮೌಲಾಸಾಬಗ ಆರಾಮಿಲ್ಲೇನ್ರಿ?” ಅಂದ, ಜರಡಿ ನೋಡಿ.

“ಆರಾಮ ಅದಾನ. ನಾ ಪಂಪಾ,” ಅಂದೆ.

ಅವನ ಕೈ ನಿಂತಿತು. ಓಡಿ ಬಂದು ಅಪ್ಪಿಕೊಳ್ಳುತ್ತಾನೆ ಎಂದು ನಾನು ಅಂದುಕೊಂಡಿದ್ದೆನೋ ಏನೋ. ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಇಪ್ಪತ್ತೈದು ವರ್ಷ ನಾನು ಕನ್ನಡಿಯಲ್ಲಿ ಕಂಡ ಅದೇ ಅನುಮಾನದ ಕಣ್ಣು. ಆಗ ಗುರುತು ಸಿಕ್ಕಿತು.

“ಪಂಪಾ ಅಂತ ನಾ ಹೆಂಗ ನಂಬಲ್ರಿ?” ಅಂದ. “ಯಾರ್ಯಾರೋ ಬರತಾರ. ಗುರುತೇನೈತಿ?”

ಸಿಟ್ಟು ಬರಲಿಲ್ಲ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ತಟ್ಟೆಯನ್ನು ಕಟ್ಟೆಯ ಕಲ್ಲಿನ ಮೇಲಿಟ್ಟೆ. ಅವನು ಒಳಗೆ ಹೋಗಿ ಒಂದು ಡಬ್ಬಿ ಒಣ ಮರಳು ತಂದ. ಬರುವಾಗ ಬಾಗಿಲ ಹಿಂದಿನ ಮೊಳೆಯಿಂದ ಒಂದು ತುಂಡು ತಂತಿ ತೆಗೆದುಕೊಂಡು ಬಂದ. ನಡುವೆ ಬಗ್ಗಿಸಿದ ತಂತಿ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗಬೇಕು, ಅದು ಮೂವತ್ತು ಡಿಗ್ರಿ. ತುಕ್ಕು ಹಿಡಿದು, ಕೈಯಾಡಿಸಿ ಆಡಿಸಿ ಮೂಲೆ ನುಣುಪಾಗಿತ್ತು. “ಮಗಳದ್ದು,” ಅಂದ ಅವನು, ನನ್ನ ಮುಖ ನೋಡದೆ. “ಐದ ವರ್ಷದಾಕಿ ಇದ್ದಾಗ ಸುರದಿದ್ದು. ಸುರೀರಿ.”

ಮೂರು ಮುಷ್ಟಿ ಸುರಿದೆ. ಕಟ್ಟೆಯ ಕಲ್ಲು, ಮೇಜಲ್ಲ. ಮೊಣಕೈ ಊರಲು ಏನೂ ಇರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತೆ. ಅವನು ತಂತಿಯನ್ನು ರಾಶಿಯ ಪಕ್ಕಕ್ಕೆ ಹಿಡಿದ. ಕೋನಮಾಪಕವಿಲ್ಲದೆಯೂ ನನಗೆ ಕಂಡಿತು. ರಾಶಿ ತಂತಿಯ ಮೇಲಕ್ಕೆ ನಿಂತಿತ್ತು, ಮೂವತ್ತೆರಡಿದ್ದೀತು, ಹೆಚ್ಚೂ ಇದ್ದೀತು. ಅವನು ಒಂದು ಸಲ ತಂತಿ ನೋಡಿದ, ಒಂದು ಸಲ ನನ್ನನ್ನು ನೋಡಿದ. ಈ ಸಲ ನಾನು ಯಾರ ಹಿಂದೆಯೂ ಸರಿಯಲಿಲ್ಲ.

ಆಮೇಲೆ ಅವನ ಎಡಗೈ ಮೇಲೆದ್ದು ತಟ್ಟೆಯ ಕಡೆ ಹೋಯಿತು. ಆರು ವರ್ಷ ತಟ್ಟೆಯಿಂದ ಕಣ್ಣು ಕೀಳದವಳು ನಾನು, ಮುಖವನ್ನು ಹಳ್ಳದ ಕಡೆ ತಿರುಗಿಸಿದೆ. ಹಿತ್ತಾಳೆಯ ಅಂಚಿಗೆ ಉಗುರು ತಾಗಿದ ಸದ್ದು ಕೇಳಿಸಿತು. ಒಂದು ಸಲ. ಇನ್ನೊಂದು ಸಲ.

“ಕೂಡಿತು ನೋಡವಾ,” ಅಂದ ಅಪ್ಪ.